ಒಂದು ಮಗು, ಇಬ್ಬರು ಅಮ್ಮಂದಿರು: ದಾನಿ ವೀರ್ಯದಿಂದ ಹುಟ್ಟಿದ ಮಗುವಿಗೆ ಕಾನೂನಿನ ಪ್ರಕಾರ ಪೋಷಕರು ಯಾರು?

ಶಿವಮೊಗ್ಗದ ಕೋಟೆ ಕಡೆಯ ನಮ್ಮ ನೆಂಟರಿಷ್ಟರ ವಾಟ್ಸ್ಆ್ಯಪ್ ಗುಂಪಿಗೆ ಒಂದು ಫಾರ್ವರ್ಡ್ ಬಂದಿತ್ತು. "ಬ್ರೇಕಿಂಗ್! ಇನ್ನು ಜನನ ಪ್ರಮಾಣಪತ್ರದಲ್ಲಿ ಅಪ್ಪ-ಅಮ್ಮ ಅಂತ ಇರುವುದಿಲ್ಲ. ಇಬ್ಬರು ಹೆಂಗಸರು ಆಸ್ಪತ್ರೆಗೆ ಹೋಗಿ ಮಗು ಮಾಡಿಸಿಕೊಂಡರೆ ಇಬ್ಬರನ್ನೂ ತಾಯಿ ಎಂದೇ ಬರೆದುಕೊಡಬೇಕು. ಕೋರ್ಟ್ ಆದೇಶ. ಎಲ್ಲರಿಗೂ ಕಳಿಸಿ." ಸ್ವಲ್ಪ ಹೊತ್ತಿಗೆ ಭದ್ರಾವತಿಯಿಂದ ಅತ್ತೆಯ ಫೋನ್. "ಹೌದೇನೇ ಇದು? ನೀನು ಇಂಥದ್ದನ್ನೆಲ್ಲ ಓದ್ತಾ ಇರ್ತೀಯಲ್ಲ, ನಿಜ ಏನು ಹೇಳು."

ಚಿಕ್ಕ ಉತ್ತರ: ಇಲ್ಲ. ಸುಪ್ರೀಂ ಕೋರ್ಟ್ ಅಂಥ ಆದೇಶ ಕೊಟ್ಟಿಲ್ಲ, ಅಂಥ ಕಾಯ್ದೆಯೂ ನಮ್ಮಲ್ಲಿಲ್ಲ. ಇಬ್ಬರು ಮಹಿಳೆಯರು ಜೊತೆಯಾಗಿ ಬದುಕುತ್ತಿದ್ದು, ಅವರಲ್ಲಿ ಒಬ್ಬಳು ದಾನಿ ವೀರ್ಯದಿಂದ ಮಗು ಹೆತ್ತರೆ, ಕಾನೂನಿನ ಲೆಕ್ಕದಲ್ಲಿ ಹೆತ್ತವಳು ಮಾತ್ರ ತಾಯಿ. ಇನ್ನೊಬ್ಬಳು ರಾತ್ರಿಯಿಡೀ ತೊಟ್ಟಿಲು ತೂಗಿದರೂ, ಶಾಲೆಯ ಫೀಸು ಕಟ್ಟಿದರೂ ಕಾನೂನಿಗೆ ಅವಳು ಯಾರೂ ಅಲ್ಲ.

ಉದ್ದದ ಉತ್ತರವೂ ಬೇಕು. ಏಕೆಂದರೆ ಇಂಥ ಫಾರ್ವರ್ಡ್‌ಗಳು ಎರಡು ಥರ ಹಾನಿ ಮಾಡುತ್ತವೆ. ಓದಿದ ಕೆಲವರಿಗೆ ಸುಮ್ಮನೆ ಭಯ ಹುಟ್ಟುತ್ತದೆ. ಇನ್ನು ಕೆಲವರು, ಅಂದರೆ ಇಂಥ ಮನೆಯಲ್ಲೇ ಬದುಕುತ್ತಿರುವವರು, "ಕಾನೂನು ಬಂದಿದೆಯಲ್ಲ" ಎಂದು ನಂಬಿ ಮಾಡಬೇಕಾದ ಕಾಗದಪತ್ರ ಮಾಡದೆ ಕೂರುತ್ತಾರೆ. ಅದರ ಪೆಟ್ಟು ಬೀಳುವುದು ಮಗುವಿಗೆ.

ಮೊದಲು ವಿಜ್ಞಾನ: ಇದು ಹೇಗೆ ನಡೆಯುತ್ತದೆ?

"ಇಬ್ಬರು ಹೆಂಗಸರಿಗೆ ಮಗು ಹೇಗೆ ಆಗುತ್ತದೆ?" ಎಂದು ಕೇಳುವುದು ಸಹಜ. ಇಬ್ಬರಿಂದ ಆಗುವುದಿಲ್ಲ. ಒಬ್ಬಳ ಅಂಡಾಣು, ಒಬ್ಬ ದಾನಿಯ ವೀರ್ಯಾಣು, ಹೆರುವವಳ ಗರ್ಭ, ಇಷ್ಟು ಬೇಕೇ ಬೇಕು.

ಸರಳ ವಿಧಾನದ ಹೆಸರು ಐಯುಐ. ವೀರ್ಯ ಬ್ಯಾಂಕಿನಿಂದ ಬಂದ ಮಾದರಿಯನ್ನು ಪ್ರಯೋಗಾಲಯದಲ್ಲಿ ಶುದ್ಧಗೊಳಿಸಿ, ಅಂಡಾಣು ಬಿಡುಗಡೆಯಾಗುವ ಸಮಯಕ್ಕೆ ಸರಿಯಾಗಿ, ತೆಳುವಾದ ನಳಿಕೆಯ ಮೂಲಕ ಗರ್ಭಕೋಶದೊಳಗೆ ಬಿಡುತ್ತಾರೆ. ಕೆಲವು ನಿಮಿಷಗಳ ಕೆಲಸ, ಅರಿವಳಿಕೆ ಬೇಕಿಲ್ಲ. ಮುಂದಿನದು ಎಲ್ಲ ಬಸುರಿನಂತೆಯೇ. ಪ್ರತಿ ಸಲವೂ ಗರ್ಭ ನಿಲ್ಲುತ್ತದೆ ಎಂಬ ಖಾತರಿಯಿಲ್ಲ. ವಯಸ್ಸು, ಆರೋಗ್ಯ ನೋಡಿಕೊಂಡು ಹಲವು ಸಲ ಪ್ರಯತ್ನಿಸಬೇಕಾಗಬಹುದು. ಜನ "ಪ್ರನಾಳ ಶಿಶು" ಎಂದು ಕರೆಯುವುದು ಇದನ್ನಲ್ಲ, ಐವಿಎಫ್ ಅನ್ನು. ಅಲ್ಲಿ ಅಂಡಾಣು ಮತ್ತು ವೀರ್ಯಾಣು ಸೇರುವುದು ದೇಹದ ಹೊರಗೆ.

ಈ ವಿಧಾನ ಹೊಸದೂ ಅಲ್ಲ, ಸಲಿಂಗ ಜೋಡಿಗಳಿಗಾಗಿ ಬಂದದ್ದೂ ಅಲ್ಲ. ಗಂಡನಲ್ಲಿ ವೀರ್ಯಾಣು ಇಲ್ಲದ ಅಥವಾ ತೀರಾ ಕಡಿಮೆ ಇರುವ ಎಷ್ಟೋ ದಂಪತಿ ದಾನಿ ವೀರ್ಯದಿಂದಲೇ ಮಗು ಪಡೆದಿದ್ದಾರೆ. ಊರಿನಲ್ಲಿ ಯಾರೂ ಅದನ್ನು ಹೇಳಿಕೊಳ್ಳುವುದಿಲ್ಲ, ಅಷ್ಟೇ.

ಇಡೀ ವಿಷಯದ ಕೀಲಿಕೈ ಇಲ್ಲಿದೆ

ಎರಡು ಮನೆಗಳನ್ನು ಊಹಿಸಿಕೊಳ್ಳಿ. ಒಂದು ಶಿವಮೊಗ್ಗದಲ್ಲಿ, ಇನ್ನೊಂದು ಭದ್ರಾವತಿಯಲ್ಲಿ.

ಶಿವಮೊಗ್ಗದ ಮನೆಯಲ್ಲಿ ಮದುವೆಯಾದ ಗಂಡ-ಹೆಂಡತಿ. ಗಂಡನಿಗೆ ತೊಂದರೆಯಿದ್ದ ಕಾರಣ ದಾನಿ ವೀರ್ಯದಿಂದ ಮಗುವಾಗಿದೆ. ಮಗುವಿಗೂ ಅವನಿಗೂ ರಕ್ತಸಂಬಂಧವಿಲ್ಲ. ಆದರೂ ಜನನ ಪ್ರಮಾಣಪತ್ರದಲ್ಲಿ ತಂದೆ ಅವನೇ, ಆಸ್ತಿಯಲ್ಲಿ ಮಗುವಿಗೆ ಪಾಲು ಇದ್ದೇ ಇದೆ. 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯ 31ನೇ ಸೆಕ್ಷನ್, ಹೀಗೆ ಹುಟ್ಟಿದ ಮಗುವನ್ನು ಆ ದಂಪತಿಯ ಜೈವಿಕ ಮಗುವೆಂದೇ ಪರಿಗಣಿಸಬೇಕು ಎನ್ನುತ್ತದೆ. ಅದಕ್ಕೂ ಮೊದಲಿನಿಂದ ಸಾಕ್ಷ್ಯ ಕಾನೂನಿನಲ್ಲಿ ಇನ್ನೊಂದು ನಿಯಮವಿದೆ: ಮದುವೆ ಊರ್ಜಿತದಲ್ಲಿರುವಾಗ ಹುಟ್ಟಿದ ಮಗು ಗಂಡನದೇ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಅದು 112ನೇ ಸೆಕ್ಷನ್ ಆಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 116ನೇ ಸೆಕ್ಷನ್.

ಭದ್ರಾವತಿಯ ಮನೆಯಲ್ಲಿ ಇಬ್ಬರು ಮಹಿಳೆಯರು. ಅದೇ ವಿಧಾನ, ಅದೇ ಥರದ ದಾನಿ, ಇಬ್ಬರೂ ಕೂಡಿ ನಿರ್ಧರಿಸಿ ಪಡೆದ ಮಗು. ಇಲ್ಲಿ ಎರಡನೆಯವಳಿಗೆ ಮಗುವಿನ ಜೊತೆ ಎಷ್ಟು ರಕ್ತಸಂಬಂಧವಿದೆಯೋ ಶಿವಮೊಗ್ಗದ ಗಂಡನಿಗೂ ಅಷ್ಟೇ ಇದೆ, ಅಂದರೆ ಸೊನ್ನೆ. ಆದರೆ ಅವನು ತಂದೆ, ಇವಳು ಯಾರೂ ಅಲ್ಲ.

"ರಕ್ತಸಂಬಂಧವಿಲ್ಲ, ಅದಕ್ಕೇ ಹಕ್ಕಿಲ್ಲ" ಎಂಬ ವಾದ ಆದ್ದರಿಂದ ನಿಲ್ಲುವುದಿಲ್ಲ. ಹೆತ್ತವಳ ಜೊತೆಗಿರುವ ಎರಡನೆಯ ಪೋಷಕರನ್ನು ನಮ್ಮ ಕಾನೂನು ಗುರುತಿಸುವುದು ಮುಖ್ಯವಾಗಿ ಮದುವೆಯ ಮೂಲಕ. ಸಲಿಂಗ ಮದುವೆಗೆ ಇಲ್ಲಿ ಮಾನ್ಯತೆಯಿಲ್ಲ, ಹಾಗಾಗಿ ಆ ಬಾಗಿಲು ಮುಚ್ಚಿದೆ. ಮದುವೆ ಆಗಿಲ್ಲದ್ದು ದೊಡ್ಡವರ ವಿಷಯ. ಆದರೆ ಒಬ್ಬ ಪೋಷಕರನ್ನು ಕಳೆದುಕೊಳ್ಳುವುದು ಮಗು.

ಈಗ ಹರಿದಾಡುವ ತಪ್ಪು ತಿಳಿವಳಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ತಿಳಿವಳಿಕೆ 1: "377 ಹೋಯಿತಲ್ಲ, ಇನ್ನೇನು ಎಲ್ಲ ಸರಿಯಾಯಿತು"

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ವಯಸ್ಕರ ನಡುವಿನ ಒಪ್ಪಿತ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. ಅಷ್ಟರಿಂದ ಮದುವೆಯ ಹಕ್ಕಾಗಲಿ, ಮಕ್ಕಳ ಮೇಲಿನ ಹಕ್ಕಾಗಲಿ ಬರಲಿಲ್ಲ.

ಮದುವೆಯ ಪ್ರಶ್ನೆ ಬಂದದ್ದು ಸುಪ್ರಿಯೋ ಪ್ರಕರಣದಲ್ಲಿ. 2023ರ ಅಕ್ಟೋಬರ್ 17ರಂದು ಐವರು ನ್ಯಾಯಮೂರ್ತಿಗಳ ಪೀಠ, ಮದುವೆಯಾಗುವುದು ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ, ಇದನ್ನು ತೀರ್ಮಾನಿಸಬೇಕಾದದ್ದು ಶಾಸಕಾಂಗ ಎಂದಿತು. ಅದರಲ್ಲಿ ಐವರೂ ಒಂದೇ ಮಾತು. ದತ್ತು ವಿಷಯದಲ್ಲಿ ಮಾತ್ರ ಪೀಠ 3:2 ಆಗಿ ಒಡೆಯಿತು. ಮದುವೆಯಾಗದ ಜೋಡಿ ಒಟ್ಟಾಗಿ ದತ್ತು ಪಡೆಯುವುದನ್ನು ತಡೆಯುವ ನಿಯಮ ತಾರತಮ್ಯ ಎಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಎಸ್.ಕೆ. ಕೌಲ್ ಹೇಳಿದರು, ಉಳಿದ ಮೂವರು ಒಪ್ಪಲಿಲ್ಲ. ಆದರೆ ಇಂಥ ಮನೆಗಳ ಮಕ್ಕಳಿಗೆ ಕಾನೂನಿನಲ್ಲಿ ಕೊರತೆಯಾಗುತ್ತಿದೆ ಎಂಬುದನ್ನು ಬಹುಮತದ ತೀರ್ಪೂ ಗಮನಿಸಿತು. ಮರುಪರಿಶೀಲನಾ ಅರ್ಜಿಗಳು 2025ರ ಜನವರಿಯಲ್ಲಿ ವಜಾ ಆದವು.

ಆ ತೀರ್ಪಿನ ನಂತರ ಕೇಂದ್ರ ಸರ್ಕಾರ ಸಂಪುಟ ಕಾರ್ಯದರ್ಶಿಯ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. 2024ರಲ್ಲಿ ಕೆಲವು ಸೂಚನೆಗಳು ಹೊರಬಿದ್ದವು: ರೇಷನ್ ಕಾರ್ಡಿಗೆ ಇಂಥ ಜೋಡಿಯನ್ನು ಒಂದೇ ಕುಟುಂಬವೆಂದು ನೋಡಬೇಕು, ಜಂಟಿ ಬ್ಯಾಂಕ್ ಖಾತೆ ತೆರೆಯಲು ಮತ್ತು ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿಯಿಲ್ಲ, ಇತ್ಯಾದಿ. ಒಳ್ಳೆಯ ಹೆಜ್ಜೆಗಳೇ. ಆದರೆ ಮಗುವಿನ ಎರಡನೇ ಪೋಷಕರ ಪ್ರಶ್ನೆಗೆ ಇವುಗಳಲ್ಲಿ ಉತ್ತರವಿಲ್ಲ.

ತಪ್ಪು ತಿಳಿವಳಿಕೆ 2: "ಗಂಡ ಇಲ್ಲದವಳಿಗೆ ಆಸ್ಪತ್ರೆಯವರು ಈ ಚಿಕಿತ್ಸೆ ಕೊಡುವಂತಿಲ್ಲ"

ಕೊಡಬಹುದು. 2022ರ ಜನವರಿ 25ರಿಂದ ಜಾರಿಯಲ್ಲಿರುವ ಮೇಲಿನ ಕಾಯ್ದೆ ಇಬ್ಬರಿಗೆ ಅವಕಾಶ ಕೊಡುತ್ತದೆ: ಮದುವೆಯಾದ, ಮಕ್ಕಳಾಗದ ದಂಪತಿಗೆ ಮತ್ತು ಒಂಟಿ ಮಹಿಳೆಗೆ. ಮಹಿಳೆಯ ವಯಸ್ಸು 21ರಿಂದ 50ರೊಳಗೆ ಇರಬೇಕು. ಐಯುಐ ಕೂಡ ಈ ಕಾಯ್ದೆಯ ವ್ಯಾಪ್ತಿಯಲ್ಲೇ ಬರುತ್ತದೆ, ನೋಂದಾಯಿತ ಕ್ಲಿನಿಕ್‌ನಲ್ಲೇ ನಡೆಯಬೇಕು.

ಆದರೆ ಭದ್ರಾವತಿಯ ನಮ್ಮ ಇಬ್ಬರು ಕ್ಲಿನಿಕ್‌ಗೆ ಜೊತೆಯಾಗಿ ಹೋದರೂ ಕಾಗದದಲ್ಲಿ ಚಿಕಿತ್ಸೆ ಪಡೆಯುವುದು ಒಬ್ಬ "ಒಂಟಿ ಮಹಿಳೆ". ಇನ್ನೊಬ್ಬಳು ಜೊತೆಗೆ ಬಂದವಳು, ಅಷ್ಟೇ. ಒಬ್ಬಳ ಅಂಡಾಣು ತೆಗೆದು ಇನ್ನೊಬ್ಬಳ ಗರ್ಭದಲ್ಲಿ ಬೆಳೆಸಿದರೆ ಇಬ್ಬರಿಗೂ ಸಂಬಂಧ ಬರುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ವಿಜ್ಞಾನದಲ್ಲಿ ಸಾಧ್ಯ. ಕಾನೂನಿನಲ್ಲಿ ಅಂಡಾಣು ಕೊಟ್ಟವಳು "ದಾನಿ", ದಾನಿ ಮಗುವಿನ ಮೇಲಿನ ಎಲ್ಲ ಹಕ್ಕನ್ನೂ ಬಿಟ್ಟುಕೊಡಬೇಕು. ತನ್ನದೇ ಅಂಡಾಣುವಿನಿಂದ ಹುಟ್ಟಿದ ಮಗುವಿಗೂ ಅವಳು ಹೊರಗಿನವಳಾಗುತ್ತಾಳೆ.

ಇಬ್ಬರು ಗಂಡಸರ ಜೋಡಿಗಂತೂ ದಾರಿ ಇನ್ನೂ ಕಡಿಮೆ. ಬಾಡಿಗೆ ತಾಯ್ತನದ ಕಾಯ್ದೆ ಮದುವೆಯಾದ ದಂಪತಿ, ಮತ್ತು 35ರಿಂದ 45 ವರ್ಷದೊಳಗಿನ ವಿಧವೆ ಅಥವಾ ವಿಚ್ಛೇದಿತೆಗೆ ಮಾತ್ರ ಸೀಮಿತ.

ತಪ್ಪು ತಿಳಿವಳಿಕೆ 3: "ಅಪ್ಪನ ಹೆಸರಿಲ್ಲದಿದ್ದರೆ ಜನನ ಪ್ರಮಾಣಪತ್ರ ಸಿಗುವುದಿಲ್ಲ"

ಇದು ಬಹಳ ಹೆಣ್ಣುಮಕ್ಕಳನ್ನು ಹೆದರಿಸಿದ ಸುಳ್ಳು. ಉತ್ತರ ಕರ್ನಾಟಕದ ದೇವದಾಸಿ ತಾಯಂದಿರ ಮಕ್ಕಳು ಶಾಲೆಯ ಅರ್ಜಿಯಲ್ಲಿ "ತಂದೆಯ ಹೆಸರು" ಎಂಬ ಜಾಗದ ಮುಂದೆ ತಲೆತಗ್ಗಿಸಿ ನಿಂತದ್ದು ನಮ್ಮ ನಾಡಿನದೇ ಕಥೆ.

2015ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಒಂಟಿ ತಾಯಿ ಅಥವಾ ಮದುವೆಯಾಗದ ತಾಯಿ ಜನನ ಪ್ರಮಾಣಪತ್ರ ಕೇಳಿದರೆ ಒಂದು ಅಫಿಡವಿಟ್ ಪಡೆದು ಪ್ರಮಾಣಪತ್ರ ಕೊಡಬೇಕು. 2018ರಲ್ಲಿ ತಿರುಚಿರಾಪಳ್ಳಿಯ ಒಬ್ಬ ತಾಯಿಯ ಪ್ರಕರಣ ಮದ್ರಾಸ್ ಹೈಕೋರ್ಟಿನ ಮಧುರೈ ಪೀಠಕ್ಕೆ ಹೋಯಿತು. ದಾನಿ ವೀರ್ಯದಿಂದ ಹುಟ್ಟಿದ ಮಗುವಿನ ಪ್ರಮಾಣಪತ್ರದಲ್ಲಿ, ಚಿಕಿತ್ಸೆಯ ಸಮಯದಲ್ಲಿ ನೆರವಾದ ಬೇರೊಬ್ಬರ ಹೆಸರು ತಂದೆ ಎಂದು ದಾಖಲಾಗಿತ್ತು. ಆ ಜಾಗವನ್ನು ಖಾಲಿ ಬಿಟ್ಟು ಪ್ರಮಾಣಪತ್ರ ಕೊಡಿ ಎಂದು ಕೋರ್ಟ್ ಹೇಳಿತು. 2021ರಲ್ಲಿ ಕೇರಳ ಹೈಕೋರ್ಟ್, ಇಂಥ ಚಿಕಿತ್ಸೆಯಿಂದ ತಾಯಿಯಾದ ಒಂಟಿ ಮಹಿಳೆಯರಿಗೆ ತಂದೆಯ ವಿವರ ಕೇಳದ ಪ್ರತ್ಯೇಕ ಅರ್ಜಿ ನಮೂನೆ ಇರಬೇಕು ಎಂದಿತು.

ಜನನ-ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ಬಂದ ತಿದ್ದುಪಡಿಯಲ್ಲೂ ಒಂಟಿ ಪೋಷಕರು ಮತ್ತು ಮದುವೆಯಾಗದ ತಾಯಿಯ ಉಲ್ಲೇಖ ಸೇರಿದೆ. 2016ರ ಡಿಸೆಂಬರಿನಿಂದ ಪಾಸ್‌ಪೋರ್ಟ್ ಅರ್ಜಿಗೆ ತಂದೆ ಅಥವಾ ತಾಯಿ, ಒಬ್ಬರ ಹೆಸರು ಸಾಕು. 2018ರ ಡಿಸೆಂಬರಿನಿಂದ, ತಾಯಿ ಒಬ್ಬಳೇ ಪೋಷಕಿಯಾಗಿದ್ದರೆ ಪ್ಯಾನ್ ಕಾರ್ಡಿಗೂ ತಂದೆಯ ಹೆಸರು ಕಡ್ಡಾಯವಲ್ಲ.

"ಹಾಗಾದರೆ ಇನಿಷಿಯಲ್ ಏನು ಹಾಕೋದು?" ಎಂಬ ಪ್ರಶ್ನೆಗೂ ಉತ್ತರ ಸುಲಭ. ನಮ್ಮಲ್ಲಿ ಇನಿಷಿಯಲ್ ಎಂದರೆ ಅಪ್ಪನ ಹೆಸರೇ ಆಗಬೇಕೆಂದೇನಿಲ್ಲ. ಎಷ್ಟೋ ಮನೆಗಳಲ್ಲಿ ಅದು ಊರಿನ ಹೆಸರು. ನಮ್ಮ ಜಿಲ್ಲೆಯ ಕುಪ್ಪಳಿ ಎಂಬ ಊರಿನ ಹೆಸರು ಕುವೆಂಪು ಅವರ ಹೆಸರಿನ ಮೊದಲಲ್ಲೇ ಕೂತಿದೆ. ತಾಯಿಯ ಹೆಸರಿನ ಅಕ್ಷರವೂ ಆಗಬಹುದು.

ಮಗು ಹುಟ್ಟಿದ 21 ದಿನದೊಳಗೆ ನೋಂದಣಿ ಮಾಡಿಸುವುದು ಮುಖ್ಯ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್, ಮತದಾರರ ಪಟ್ಟಿ, ಸರ್ಕಾರಿ ಕೆಲಸ ಎಲ್ಲದಕ್ಕೂ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಈ ಪ್ರಮಾಣಪತ್ರವೇ ಪುರಾವೆ. ಇಲ್ಲಿ ಇನ್ನೊಂದು ಎಚ್ಚರಿಕೆ: ಜಾಗ ಖಾಲಿ ಬಿಡಬಾರದೆಂದು ಅಣ್ಣನದೋ ಸ್ನೇಹಿತನದೋ ಹೆಸರನ್ನು ತಂದೆ ಎಂದು ಬರೆಸಬೇಡಿ. ಅದು ಸುಳ್ಳು ಮಾಹಿತಿ, ತಿದ್ದಿಸುವುದು ಕಷ್ಟ, ಮುಂದೆ ಮಗುವಿನ ಮೇಲಿನ ಹಕ್ಕಿನ ಜಗಳಕ್ಕೂ ದಾರಿ.

ತಪ್ಪು ತಿಳಿವಳಿಕೆ 4: "ವೀರ್ಯ ಕೊಟ್ಟವನು ಯಾವತ್ತಾದರೂ ಬಂದು ಮಗು ನನ್ನದು ಅನ್ನಬಹುದು"

ಉತ್ತರ ನೀವು ಹೋದ ದಾರಿಯ ಮೇಲೆ ನಿಂತಿದೆ. ನೋಂದಾಯಿತ ಬ್ಯಾಂಕ್ ಮತ್ತು ಕ್ಲಿನಿಕ್ ಮೂಲಕ ಹೋದರೆ ದಾನಿಗೆ ಯಾವ ಹಕ್ಕೂ ಇಲ್ಲ. 2024ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಕೂಡ ಇದನ್ನೇ ಹೇಳಿತು. ಹೆಂಡತಿಯ ತಂಗಿ ಅಂಡಾಣು ಕೊಟ್ಟಿದ್ದ ಪ್ರಕರಣ ಅದು. ಅಂಡಾಣು ಕೊಟ್ಟ ಮಾತ್ರಕ್ಕೆ ಅವಳು ಮಕ್ಕಳ ತಾಯಿಯಾಗುವುದಿಲ್ಲ ಎಂದಿತು ಕೋರ್ಟ್. ಜೊತೆಗೆ, ಬ್ಯಾಂಕ್‌ಗಳು ದಾನಿಗೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಪರೀಕ್ಷೆ ಮಾಡಿಸಲೇಬೇಕು.

ಸೋಷಿಯಲ್ ಮೀಡಿಯಾದಲ್ಲಿ ಸಿಕ್ಕ ದಾನಿ, ಅಥವಾ ಪರಿಚಯದ ಸ್ನೇಹಿತನ ಸಹಾಯದಿಂದ ಮನೆಯಲ್ಲೇ ಪ್ರಯತ್ನ ಮಾಡಿದರೆ ಈ ರಕ್ಷಣೆ ಯಾವುದೂ ಇಲ್ಲ. ಹಿಂದೂ ಅಪ್ರಾಪ್ತ ವಯಸ್ಕರ ಗಾರ್ಡಿಯನ್ ಕಾಯ್ದೆ ಪ್ರಕಾರ ಮದುವೆಯ ಹೊರಗೆ ಹುಟ್ಟಿದ ಮಗುವಿಗೆ ಮೊದಲ ಗಾರ್ಡಿಯನ್ ತಾಯಿ, ಅವಳ ನಂತರ ತಂದೆ. ಹೆತ್ತವಳು ತೀರಿಕೊಂಡರೆ, ದಿನವೂ ಮಗುವನ್ನು ಸಾಕಿದ ಎರಡನೇ ಅಮ್ಮನಿಗಿಂತ ಆ ಪರಿಚಯದ ದಾನಿಯ ಮಾತಿಗೆ ಕಾನೂನಿನಲ್ಲಿ ತೂಕ ಬರಬಹುದು.

ಇದರ ಉಲ್ಟಾ ಅಪಾಯವೂ ಇದೆ. ಅಮೆರಿಕದ ಕನ್ಸಾಸ್ ರಾಜ್ಯದಲ್ಲಿ ಒಬ್ಬ ವ್ಯಕ್ತಿ ಆನ್‌ಲೈನ್ ಜಾಹೀರಾತು ನೋಡಿ ಇಬ್ಬರು ಮಹಿಳೆಯರಿಗೆ ವೀರ್ಯ ಕೊಟ್ಟಿದ್ದ, ಹಕ್ಕು ಬಿಟ್ಟುಕೊಡುವ ಪತ್ರಕ್ಕೂ ಸಹಿ ಹಾಕಿದ್ದ. ಆದರೆ ವೈದ್ಯರ ಮೂಲಕ ನಡೆದಿರಲಿಲ್ಲ ಎಂಬ ಕಾರಣಕ್ಕೆ 2014ರಲ್ಲಿ ಕೋರ್ಟ್ ಅವನನ್ನೇ ಕಾನೂನುಬದ್ಧ ತಂದೆ ಎಂದಿತು, ಮಗುವಿನ ಖರ್ಚು ಅವನ ತಲೆಗೆ ಬಂತು. ಅದರಿಂದ ಅವನು ಪಾರಾಗುವಷ್ಟರಲ್ಲಿ 2016 ಆಗಿತ್ತು.

ತಪ್ಪು ತಿಳಿವಳಿಕೆ 5: "ಬಾಂಡ್ ಪೇಪರ್ ಮೇಲೆ ಬರೆದು ನೋಟರಿ ಮಾಡಿಸಿದರೆ ಇಬ್ಬರೂ ತಾಯಂದಿರು"

ಕೋರ್ಟಿನ ಎದುರಿನ ಅಂಗಡಿಗಳಲ್ಲಿ ಇಂಥ ಸಲಹೆ ಸುಲಭವಾಗಿ ಸಿಗುತ್ತದೆ. "ನಾವಿಬ್ಬರೂ ಈ ಮಗುವಿನ ತಾಯಂದಿರು" ಎಂದು ಛಾಪಾ ಕಾಗದದಲ್ಲಿ ಬರೆದರೆ ಅದು ನಿಮ್ಮ ಉದ್ದೇಶಕ್ಕೆ ಒಂದು ಸಾಕ್ಷಿ, ಅಷ್ಟೇ. ತಾಯ್ತನ ಒಪ್ಪಂದದಿಂದ ಹುಟ್ಟುವುದಿಲ್ಲ. ಶಾಲೆಯಾಗಲಿ, ಕೋರ್ಟ್ ಆಗಲಿ ಅದಕ್ಕೆ ಬದ್ಧವಾಗಿರಬೇಕಿಲ್ಲ.

"ದತ್ತು ತಗೊಂಡರೆ?" ಎಂದೂ ಕೇಳುತ್ತಾರೆ. ಇಲ್ಲೇ ಗಂಟು ಬಿಗಿಯಾಗುವುದು. ಹಿಂದೂ ದತ್ತಕ ಕಾಯ್ದೆಯಲ್ಲಿ ಮಗುವನ್ನು ದತ್ತು ಕೊಟ್ಟ ಕ್ಷಣಕ್ಕೆ ಹೆತ್ತ ಮನೆಯ ಸಂಬಂಧ ಕಡಿದುಹೋಗುತ್ತದೆ. ಅಂದರೆ ಎರಡನೆಯವಳು ತಾಯಿಯಾಗಬೇಕಾದರೆ ಮೊದಲನೆಯವಳು ತಾಯಿತನ ಬಿಡಬೇಕು. ಸರ್ಕಾರದ ದತ್ತು ನಿಯಮಾವಳಿಯಲ್ಲಾದರೆ ಇಬ್ಬರು ಒಟ್ಟಾಗಿ ದತ್ತು ಪಡೆಯಲು ಕನಿಷ್ಠ 2 ವರ್ಷದ ಸ್ಥಿರ ದಾಂಪತ್ಯ ಬೇಕು. ಇಬ್ಬರೂ ತಾಯಂದಿರಾಗಿ ಉಳಿಯುವ ದಾರಿ ಎರಡರಲ್ಲೂ ಇಲ್ಲ.

ಹಾಗಾದರೆ ಆ ಫಾರ್ವರ್ಡ್ ಎಲ್ಲಿಂದ ಬಂತು?

ಬಹುಶಃ ಕೇರಳದ ಒಂದು ಆದೇಶವನ್ನು ಯಾರೋ ಹಿಗ್ಗಿಸಿ ಬರೆದದ್ದು. 2023ರ ಫೆಬ್ರುವರಿಯಲ್ಲಿ ಕೋಯಿಕ್ಕೋಡಿನ ಟ್ರಾನ್ಸ್‌ಜೆಂಡರ್ ಜೋಡಿಗೆ ಮಗು ಹುಟ್ಟಿತು. ಹೆತ್ತವರು ಟ್ರಾನ್ಸ್ ಪುರುಷ. ಪ್ರಮಾಣಪತ್ರದಲ್ಲಿ ಅವರನ್ನು ತಾಯಿ ಎಂದೂ, ಸಂಗಾತಿಯನ್ನು ತಂದೆ ಎಂದೂ ಬರೆದಿದ್ದರು. 2025ರ ಜೂನ್‌ನಲ್ಲಿ ಕೇರಳ ಹೈಕೋರ್ಟ್, ಈ ಮಗುವಿನ ಪ್ರಮಾಣಪತ್ರದಲ್ಲಿ ತಂದೆ-ತಾಯಿ ಎಂಬುದರ ಬದಲು "ಪೋಷಕರು" ಎಂದು ಇಬ್ಬರ ಹೆಸರನ್ನೂ ಬರೆಯಿರಿ ಎಂದಿತು. ಅದು ದಾನಿ ವೀರ್ಯದ ಪ್ರಕರಣವಲ್ಲ, ಇಬ್ಬರೂ ಮಗುವಿನ ಜೈವಿಕ ಪೋಷಕರೇ. ಉಳಿದವರ ಪ್ರಮಾಣಪತ್ರದಿಂದ ಅಪ್ಪ-ಅಮ್ಮ ಹೋಗಲೂ ಇಲ್ಲ.

ಮಗುವಿಗೆ ಏನು ನಷ್ಟ?

ಎಲ್ಲ ಸುಸೂತ್ರ ಇರುವಾಗ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಮೂರು ಸಂದರ್ಭಗಳಲ್ಲಿ.

ಒಂದು, ಕಾಯಿಲೆ. ಮಧ್ಯರಾತ್ರಿ ಮಗುವನ್ನು ಆಸ್ಪತ್ರೆಗೆ ಹೊತ್ತೊಯ್ದವಳು ಎರಡನೇ ಅಮ್ಮ. ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರದಲ್ಲಿ "ಮಗುವಿಗೆ ನೀವು ಏನಾಗಬೇಕು?" ಎಂಬ ಪ್ರಶ್ನೆ ಬಂದಾಗ ಅವಳ ಬಳಿ ಕಾನೂನು ಒಪ್ಪುವ ಉತ್ತರವಿಲ್ಲ.

ಎರಡು, ಸಾವು. ಎರಡನೇ ಅಮ್ಮ ವಿಲ್ ಬರೆಯದೆ ತೀರಿಕೊಂಡರೆ, ಅವಳ ದುಡಿಮೆಯ ಮನೆ, ಹಣ ಯಾವುದೂ ಆ ಮಗುವಿಗೆ ಹೋಗುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ, ಮದುವೆಯಾಗದ, ಕಾನೂನಿನ ದೃಷ್ಟಿಯಲ್ಲಿ ಮಕ್ಕಳಿಲ್ಲದ ಅವಳ ಆಸ್ತಿ ಅವಳ ತಂದೆ-ತಾಯಿಗೆ, ಅವರಿಲ್ಲದಿದ್ದರೆ ಅವರ ಕಡೆಯವರಿಗೆ. ಮೊದಲು ತೀರಿಕೊಂಡವಳು ಹೆತ್ತವಳಾದರೆ ಸ್ಥಿತಿ ಇನ್ನೂ ಕಠಿಣ. ತಾಯಿಯನ್ನು ಕಳೆದುಕೊಂಡ ಮಗುವನ್ನು ಉಳಿದಿರುವ ಇನ್ನೊಬ್ಬ ತಾಯಿಯಿಂದಲೂ ಬೇರ್ಪಡಿಸಬಹುದು.

ಮೂರು, ಜಗಳ. ಇಬ್ಬರೂ ದೂರವಾದರೆ ಎರಡನೆಯವಳು ಮಗುವನ್ನು ನೋಡುವ ಹಕ್ಕನ್ನು ಪೋಷಕಿಯಾಗಿ ಕೇಳಲಾಗದು. ಮಗುವಿನ ಖರ್ಚು ಕೊಡು ಎಂದು ಅವಳನ್ನು ಪೋಷಕಿಯಾಗಿ ಕಟ್ಟಿಹಾಕುವುದೂ ಕಷ್ಟ. ಹಕ್ಕಿಲ್ಲದ ಕಡೆ ಹೊಣೆಯೂ ಇರುವುದಿಲ್ಲ.

ಬೇರೆ ದೇಶಗಳು ಏನು ಮಾಡಿವೆ?

ಬ್ರಿಟನ್‌ನಲ್ಲಿ 2009ರ ಏಪ್ರಿಲ್ 6ರಿಂದ, ದಾನಿ ವೀರ್ಯದಿಂದ ಹೆತ್ತವಳ ಸಂಗಾತಿ ಕಾನೂನುಬದ್ಧವಾಗಿ ನೋಂದಾಯಿತ ಜೊತೆಗಾತಿಯಾಗಿದ್ದು ಚಿಕಿತ್ಸೆಗೆ ಒಪ್ಪಿದ್ದರೆ, ಹುಟ್ಟಿನಿಂದಲೇ ಅವಳು ಎರಡನೇ ಪೋಷಕಿ. ಮದುವೆಯಾದ ಹೆಂಡತಿಗೂ ಈಗ ಅದೇ ನಿಯಮ. ನೋಂದಣಿಯಾಗದ ಜೋಡಿಯಾದರೆ ಪರವಾನಗಿ ಇರುವ ಕ್ಲಿನಿಕ್‌ನಲ್ಲಿ ಇಬ್ಬರೂ ಒಪ್ಪಿಗೆ ಪತ್ರ ತುಂಬಬೇಕು. ಲಂಡನ್‌ನಲ್ಲಿರುವ ಕನ್ನಡತಿಗೆ ಸಿಗುವ ಈ ಗುರುತು ಭದ್ರಾವತಿಯ ಕನ್ನಡತಿಗೆ ಇಲ್ಲ.

ಅಮೆರಿಕದ ಅರ್ಕಾನ್ಸಾ ರಾಜ್ಯದಲ್ಲಿ ನಮ್ಮ ಎರಡು ಮನೆಗಳ ಉದಾಹರಣೆಯೇ ಕೋರ್ಟ್ ಹತ್ತಿತ್ತು. ಅಲ್ಲಿ ದಾನಿ ವೀರ್ಯದಿಂದ ಮಗುವಾದರೂ ಹೆತ್ತವಳ ಗಂಡನ ಹೆಸರನ್ನು ಬರೆಯುತ್ತಿದ್ದರು, ಹೆಂಡತಿಯ ಹೆಸರನ್ನು ಬರೆಯಲು ಒಪ್ಪುತ್ತಿರಲಿಲ್ಲ. ರಕ್ತಸಂಬಂಧವಿಲ್ಲದ ಗಂಡನಿಗೆ ಕೊಡುವುದನ್ನು ಹೆಂಡತಿಗೂ ಕೊಡಿ ಎಂದು 2017ರ ಜೂನ್ 26ರಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ಇಟಲಿಯಲ್ಲಿ ದಾರಿ ಅಂಕುಡೊಂಕು. 2023ರಲ್ಲಿ ಪಾದುವಾ ನಗರದಲ್ಲಿ, ಅದಾಗಲೇ ಕೊಟ್ಟಿದ್ದ 33 ಜನನ ಪ್ರಮಾಣಪತ್ರಗಳಿಂದ ಎರಡನೇ ತಾಯಿಯ ಹೆಸರು ತೆಗೆಸಲು ಸರ್ಕಾರಿ ವಕೀಲರು ಹೊರಟರು. 2025ರ ಮೇನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ, ವಿದೇಶದಲ್ಲಿ ಇಬ್ಬರ ಒಪ್ಪಿಗೆಯಿಂದ ಚಿಕಿತ್ಸೆ ಪಡೆದು ಇಟಲಿಯಲ್ಲಿ ಹುಟ್ಟಿದ ಮಗುವಿಗೆ ಎರಡನೇ ತಾಯಿಯನ್ನು ನಿರಾಕರಿಸುವುದು ಸಂವಿಧಾನ ವಿರುದ್ಧ ಎಂದಿತು. ಅದು ಮುಖ್ಯವಾಗಿ ನೋಡಿದ್ದು ಮಗುವಿನ ಹಿತವನ್ನು.

"ಇಂಥ ಮನೆಯಲ್ಲಿ ಬೆಳೆದ ಮಕ್ಕಳು ಹಾಳಾಗುತ್ತಾರೆ" ಎಂಬುದು?

ಅಮೆರಿಕದಲ್ಲಿ 1986ರಲ್ಲಿ ಶುರುವಾದ ಒಂದು ಅಧ್ಯಯನ, ದಾನಿ ವೀರ್ಯದಿಂದ ತಾಯಂದಿರಾದ ಮಹಿಳೆಯರ ಮಕ್ಕಳನ್ನು ಹುಟ್ಟುವ ಮೊದಲಿನಿಂದ ದೊಡ್ಡವರಾಗುವವರೆಗೆ ಹಿಂಬಾಲಿಸಿದೆ. ಆ ಮಕ್ಕಳಿಗೆ 25 ವರ್ಷವಾದಾಗ 77 ಜನರ ಮಾನಸಿಕ ಆರೋಗ್ಯವನ್ನು ಅದೇ ವಯಸ್ಸಿನ ಇತರರ ಜೊತೆ ಹೋಲಿಸಿದರು. ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಫಲಿತಾಂಶ 2018ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಇದರ ಮಿತಿಯನ್ನೂ ಹೇಳಬೇಕು: ಗುಂಪು ಚಿಕ್ಕದು, ತಾವಾಗಿ ಮುಂದೆ ಬಂದವರು, ಅಮೆರಿಕದವರು. ಆದರೆ "ಹಾಳಾಗುತ್ತಾರೆ" ಎಂಬ ಮಾತಿಗೆ ಇದರಲ್ಲಿ ಆಧಾರ ಸಿಗುವುದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯಂತೂ 2002ರಲ್ಲೇ, ಇಂಥ ಮಕ್ಕಳಿಗೆ ಇಬ್ಬರು ಕಾನೂನುಬದ್ಧ ಪೋಷಕರಿರುವುದು ಒಳ್ಳೆಯದು ಎಂದು ನಿಲುವು ತೆಗೆದುಕೊಂಡಿತ್ತು.

ಸದ್ಯಕ್ಕೆ ಏನು ಮಾಡಬಹುದು?

ಕಾನೂನು ಬದಲಾಗುವವರೆಗೆ ಕಾಯಲು ಮಗುವಿಗೆ ಆಗುವುದಿಲ್ಲ. ಈಗಿರುವ ಕಾನೂನಿನೊಳಗೇ ಕೆಲವು ಕೆಲಸ ಮಾಡಿಟ್ಟುಕೊಳ್ಳಬಹುದು.

• ನೋಂದಾಯಿತ ಕ್ಲಿನಿಕ್‌ಗೇ ಹೋಗಿ. ಒಪ್ಪಿಗೆ ಪತ್ರ, ಚಿಕಿತ್ಸೆಯ ದಾಖಲೆಗಳ ಪ್ರತಿಯನ್ನು ಜೋಪಾನ ಮಾಡಿ.

• ಹೆತ್ತ ತಾಯಿ ವಿಲ್ ಬರೆದು, "ನನ್ನ ನಂತರ ಮಗುವಿನ ಗಾರ್ಡಿಯನ್ ಇವಳು" ಎಂದು ಸಂಗಾತಿಯನ್ನು ಹೆಸರಿಸಲಿ. ಹಿಂದೂ ಗಾರ್ಡಿಯನ್ ಕಾಯ್ದೆಯ 9ನೇ ಸೆಕ್ಷನ್ ಇಂಥ ತಾಯಿಗೆ ಆ ಅಧಿಕಾರ ಕೊಡುತ್ತದೆ. ಇಡೀ ಪಟ್ಟಿಯಲ್ಲಿ ಅತಿ ಮುಖ್ಯವಾದ ಕಾಗದ ಇದು.

• ಎರಡನೇ ಅಮ್ಮನೂ ವಿಲ್ ಬರೆದು ತನ್ನ ಸ್ವಂತ ಆಸ್ತಿಯನ್ನು ಮಗುವಿಗೆ ಬಿಡಲಿ. ವಿಲ್‌ಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಣಿ ಕಡ್ಡಾಯವಲ್ಲ, ಆದರೆ ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿದರೆ ಮುಂದೆ ತಕರಾರು ಕಡಿಮೆ.

• ನಾಮಿನಿ ಮಾಡಿದರೆ ಸಾಕು ಎಂದುಕೊಳ್ಳಬೇಡಿ. ಸಾಮಾನ್ಯವಾಗಿ ನಾಮಿನಿ ಎಂದರೆ ಹಣ ಪಡೆಯುವವರು, ಮಾಲೀಕರಲ್ಲ. ಕಂಪನಿ ಷೇರುಗಳ ವಿಷಯದಲ್ಲಿ 2023ರ ಡಿಸೆಂಬರ್‌ನಲ್ಲೂ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ನಾಮಿನಿಯೂ ಇರಲಿ, ವಿಲ್ಲೂ ಇರಲಿ.

• ಶಾಲೆಗೆ, ಮಗುವಿನ ವೈದ್ಯರಿಗೆ ಹೆತ್ತ ತಾಯಿ ಲಿಖಿತ ಅಧಿಕಾರ ಪತ್ರ ಕೊಟ್ಟಿರಲಿ. ಇದು ಹಕ್ಕು ಕೊಡುವುದಿಲ್ಲ, ಆದರೆ ದಿನನಿತ್ಯದ ಕೆಲಸ ನಡೆಯುತ್ತದೆ.

• ಹೆತ್ತ ತಾಯಿ ಇಲ್ಲವಾದರೆ, 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಎರಡನೇ ಅಮ್ಮ ಕೋರ್ಟಿಗೆ ಅರ್ಜಿ ಹಾಕಬಹುದು. ಕೋರ್ಟ್ ಮಗುವಿನ ಹಿತ ನೋಡುತ್ತದೆ. ಫಲಿತಾಂಶ ಖಚಿತವಿಲ್ಲ, ಆದರೆ ಮೇಲಿನ ಕಾಗದಗಳು ಅಲ್ಲಿ ಮಾತಾಡುತ್ತವೆ. ಹೆತ್ತ ತಾಯಿ ಬದುಕಿದ್ದು ಮಗುವನ್ನು ನೋಡಿಕೊಳ್ಳುತ್ತಿರುವಾಗ ಈ ಕಾಯ್ದೆಯ ದಾರಿ ಬಹಳ ಕಿರಿದು.

• ವಕೀಲರ ಫೀಸಿಗೆ ಹೆದರಬೇಡಿ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ, ಅಥವಾ 15100ಕ್ಕೆ ಕರೆ ಮಾಡಿ. ಹಿಂದೂ ಕಾಯ್ದೆಗಳು ಅನ್ವಯವಾಗದ ಧರ್ಮದವರು ತಮ್ಮ ವೈಯಕ್ತಿಕ ಕಾನೂನು ಏನು ಹೇಳುತ್ತದೆ ಎಂದು ಅಲ್ಲೇ ವಿಚಾರಿಸಬೇಕು.

ಇಷ್ಟೆಲ್ಲ ಮಾಡಿದರೂ ಅವಳು ಗಾರ್ಡಿಯನ್ ಆಗಬಹುದು, ಮಗುವಿಗೆ ಆಸ್ತಿ ಬಿಡಬಹುದು. ತಾಯಿ ಎಂದು ಬರೆಸಿಕೊಳ್ಳಲು ಆಗುವುದಿಲ್ಲ. ಆ ಕೆಲಸ ಕಾನೂನು ಮಾಡುವವರದು.

ಫಾರ್ವರ್ಡ್ ಮಾಡುವ ಮುನ್ನ

ಇದನ್ನೆಲ್ಲ ಹೇಳಿದ ಮೇಲೆ ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ದೇವಕಿ ಹೆತ್ತಳು, ಯಶೋದೆ ಸಾಕಿದಳು. ಕೃಷ್ಣ ಇಬ್ಬರನ್ನೂ ಅಮ್ಮ ಅಂದ. ನಮ್ಮ ಕಚೇರಿಗಳಿಗೆ ಇನ್ನೂ ಯಶೋದೆ ಗೊತ್ತಿಲ್ಲ ಅಂತೀಯಾ" ಎಂದರು. ಹೌದು ಅತ್ತೆ, ಹೆಚ್ಚುಕಡಿಮೆ ಅಷ್ಟೇ.

ನಿಮ್ಮ ಗುಂಪಿಗೂ ಆ ಸಂದೇಶ ಬಂದಿದ್ದರೆ ಮೂರು ಸಾಲಿನ ಉತ್ತರ ಹೀಗೆ ಕಳಿಸಿ: ಅಪ್ಪ-ಅಮ್ಮ ಎಂಬ ಪದ ಎಲ್ಲರ ಪ್ರಮಾಣಪತ್ರದಿಂದ ಹೋಗಿಲ್ಲ. ತಂದೆಯ ಹೆಸರಿಲ್ಲದೆಯೂ ಒಂಟಿ ತಾಯಿಗೆ ಮಗುವಿನ ಜನನ ಪ್ರಮಾಣಪತ್ರ ಸಿಗುತ್ತದೆ. ಸಲಿಂಗ ಜೋಡಿಯಲ್ಲಿ ಹೆರದ ತಾಯಿಗೆ ಭಾರತದ ಕಾನೂನಿನಲ್ಲಿ ಇನ್ನೂ ಜಾಗವಿಲ್ಲ, ಆದ್ದರಿಂದ ಅಂಥ ಮನೆಯವರು ಯಾರಾದರೂ ಗೊತ್ತಿದ್ದರೆ ಮೊದಲು ವಿಲ್ ಬರೆದಿಡಲು ಹೇಳಿ.